ಒಂಟೆ ಕಾಣಲಿಲ್ಲ: ದಿನಕ್ಕೆ ಐವತ್ತು ಪಜಲ್ ಬಿಟ್ಟು ಐದಕ್ಕೆ ಬಂದ ಕತೆ

ಎರಡು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ವಾರಾಂತ್ಯದ ಒಂದು ಚೆಸ್ ಟೂರ್ನಮೆಂಟ್, ಐದನೇ ಸುತ್ತು. ನನ್ನೆದುರು ಹನ್ನೊಂದೋ ಹನ್ನೆರಡೋ ವರ್ಷದ ಹುಡುಗ ಕೂತಿದ್ದ. ಆಟ ಚೆನ್ನಾಗಿಯೇ ನಡೆದಿತ್ತು. ನನ್ನ ಗಡಿಯಾರದಲ್ಲಿ ಇನ್ನೂ ನಲವತ್ತು ನಿಮಿಷ ಉಳಿದಿತ್ತು.

ಬೋರ್ಡಿನ ಉದ್ದ ಸಾಲುಗಳಿಗೆ ಎ ಇಂದ ಎಚ್, ಅಡ್ಡ ಸಾಲುಗಳಿಗೆ 1ರಿಂದ 8 ಅಂತ ಹೆಸರು, ಎರಡೂ ಸೇರಿದರೆ ಒಂದು ಮನೆ. ಅವನ ರಾಜ ಎಚ್8ರ ಮೂಲೆಯಲ್ಲಿದ್ದ. ಜಿ7, ಎಚ್7ರಲ್ಲಿ ಅವನದೇ ಕಾಲಾಳುಗಳು, ಎಫ್8ರಲ್ಲಿ ಅವನ ಆನೆ. ನನ್ನ ರಾಣಿ ಡಿ5ರಲ್ಲಿ, ಅದೇ ಓರೆಯಲ್ಲಿ ಹಿಂದೆ ಬಿ3ರಲ್ಲಿ ನನ್ನ ಒಂಟೆ, ಜಿ5ರಲ್ಲಿ ಕುದುರೆ. ಚೆಸ್ ಪಜಲ್ (ಒಂದು ಸ್ಥಿತಿ ಕೊಟ್ಟು ಒಳ್ಳೆಯ ನಡೆ ಹುಡುಕಿಸುವ ಸಮಸ್ಯೆ) ಬಿಡಿಸುವ ಅಭ್ಯಾಸ ಇರುವವರಿಗೆ ಇಷ್ಟು ಓದಿದರೆ ಸಾಕು, ಮೈ ಜುಮ್ಮೆನ್ನುತ್ತದೆ. ರಾಣಿಯನ್ನು ಜಿ8ಕ್ಕೆ ತಂದು ಚೆಕ್ ಕೊಡಬೇಕು, ಅಂದರೆ ರಾಜನ ಮೇಲೆ ದಾಳಿ ಮಾಡಬೇಕು. ರಾಜ ಹೊಡೆಯುವ ಹಾಗಿಲ್ಲ, ಹಿಂದೆ ಒಂಟೆಯ ಕಾವಲಿದೆ. ಆನೆಯೇ ಹೊಡೆಯಬೇಕು. ಹೊಡೆದ ಕೂಡಲೇ ಕುದುರೆ ಎಫ್7ಕ್ಕೆ ಹಾರಿದರೆ ಮೇಟ್, ರಾಜ ತಪ್ಪಿಸಿಕೊಳ್ಳುವ ಹಾಗಿಲ್ಲ, ಆಟ ಮುಗಿದ ಹಾಗೆ. ಇದಕ್ಕೆ ಸ್ಮದರ್ಡ್ ಮೇಟ್ ಅನ್ನುತ್ತಾರೆ, ಉಸಿರು ಕಟ್ಟಿಸುವ ಮೇಟ್. ರಾಜನ ಸುತ್ತ ಅವನ ಕಾಯಿಗಳೇ ನಿಂತಿರುತ್ತವೆ, ಓಡಲು ಒಂದು ಮನೆಯೂ ಇರುವುದಿಲ್ಲ. ಸ್ಪೇನ್‌ನ ಲುಸೇನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಈ ಉಪಾಯ ಇದೆ, ಅಷ್ಟು ಹಳೆಯದು.

ಫೋನಿನಲ್ಲಿ ಇದೇ ಮೇಟನ್ನು ನಾನು ನೂರಾರು ಸಲ ಕೊಟ್ಟಿದ್ದೆ. ಹತ್ತು ಸೆಕೆಂಡು ಕೂಡ ಯೋಚಿಸಲಿಲ್ಲ. ರಾಣಿಯನ್ನು ಎತ್ತಿ ಜಿ8ರಲ್ಲಿಟ್ಟೆ. ಹುಡುಗ ಆನೆಯಿಂದ ಹೊಡೆದ. ಕುದುರೆಯನ್ನು ಎಫ್7ರಲ್ಲಿಟ್ಟು, ಆಟ ಮುಗಿಯಿತು ಅಂತ ಕೈ ಕುಲುಕಲು ಸಿದ್ಧಳಾದೆ. ಅವನು ನನ್ನ ಮುಖ ನೋಡಿದ, ಬೋರ್ಡ್ ನೋಡಿದ, ಒಂದು ನಿಮಿಷ ಸುಮ್ನೆ ಕೂತ. ಆಮೇಲೆ ಎಚ್5ರಲ್ಲಿದ್ದ ತನ್ನ ಒಂಟೆಯನ್ನು ಮೆಲ್ಲಗೆ ಜಾರಿಸಿಕೊಂಡು ಬಂದು ನನ್ನ ಕುದುರೆಯನ್ನು ಹೊಡೆದ.

ಆ ಒಂಟೆ ಏಳೆಂಟು ನಡೆಯಿಂದ ಅಲ್ಲೇ ಇತ್ತು.

ರಾಣಿ ಹೋಯಿತು, ಕುದುರೆ ಹೋಯಿತು, ಆಟವೂ ಹೋಯಿತು. ಹೊರಗೆ ಕಾರಿಡಾರಿನಲ್ಲಿ ನೀರು ಕುಡಿಯುತ್ತಾ ನಿಂತಿದ್ದಾಗ ಆ ಹುಡುಗ ತಾನಾಗಿಯೇ ಬಂದ. "ಆಂಟಿ, ನನ್ ಒಂಟೆ ನೋಡ್ಲಿಲ್ವಾ?" ಅಂದ. "ಇಲ್ಲ ಪುಟ್ಟ, ನೋಡ್ಲಿಲ್ಲ" ಅಂದೆ. "ನೀವು ರಾಣಿ ಇಟ್ಟಾಗ ನಾನು ಸೋತೇ ಹೋದೆ ಅಂದ್ಕೊಂಡೆ. ಆಮೇಲೆ ನನ್ ಕಾಯಿ ಎಲ್ಲಾನೂ ಒಂದೊಂದಾಗಿ ನೋಡ್ದೆ."

ಒಂದೊಂದಾಗಿ ನೋಡ್ದೆ. ಆ ಮಾತು ಮನೆಗೆ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಓಡಾಡುತ್ತಿತ್ತು.

ಚೆಸ್‌ಗೆ ನಾನು ಬಂದಿದ್ದು ಮಗಳ ಹಿಂದೆ. ಅವಳನ್ನು ಟೂರ್ನಮೆಂಟಿಗೆ ಕರೆದುಕೊಂಡು ಹೋಗಿ, ಹಾಲ್ ಹೊರಗೆ ಪ್ಲಾಸ್ಟಿಕ್ ಕುರ್ಚಿ ಮೇಲೆ ನಾಲ್ಕೈದು ಗಂಟೆ ಕೂರುತ್ತಿದ್ದೆ. ಹೊತ್ತು ಹೋಗಲಿ ಅಂತ ಫೋನಿನಲ್ಲಿ ಪಜಲ್ ಶುರು ಮಾಡಿದೆ. ಅದು ಹಿಡಿದುಕೊಂಡಿತು. ಬಸ್ಸಿನಲ್ಲಿ ಪಜಲ್, ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ನಾಲ್ಕು ಪಜಲ್, ಮಲಗುವ ಮುಂಚೆ ಹತ್ತು. ದಿನಕ್ಕೆ ಐವತ್ತಕ್ಕೆ ಕಮ್ಮಿ ಇರುತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ಪಜಲ್ ರೇಟಿಂಗ್, ಅಂದರೆ ಬಿಡಿಸುವ ಮಟ್ಟವನ್ನು ತೋರಿಸುವ ಅಂಕ, 2100 ದಾಟಿತು. ಆ ಧೈರ್ಯದ ಮೇಲೆಯೇ ನಾನೂ ಹೆಸರು ಕೊಟ್ಟು ಆಡಲು ಕೂತಿದ್ದು. ಆದರೆ ಬೋರ್ಡಿನ ಮುಂದೆ ಕೂತರೆ ನನ್ನ ರೇಟಿಂಗ್ 1480ರ ಆಸುಪಾಸಿನಲ್ಲೇ ನಿಂತಿತ್ತು, ಒಂದು ಟೂರ್ನಮೆಂಟಿನಲ್ಲಿ ಸ್ವಲ್ಪ ಏರಿದರೆ ಮುಂದಿನದರಲ್ಲಿ ಇಳಿಯುತ್ತಿತ್ತು. ಪಜಲ್ ರೇಟಿಂಗೂ ಆಟದ ರೇಟಿಂಗೂ ಬೇರೆ ಬೇರೆ ಅಳತೆ, ಹೋಲಿಸಬಾರದು ಅನ್ನುವುದು ಗೊತ್ತು. ಆದರೂ ಒಂದು ಇಷ್ಟು ಏರಿ ಇನ್ನೊಂದು ಅಲುಗಾಡದೇ ಇದ್ದರೆ ಏನೋ ಸರಿ ಇಲ್ಲ ಅಂತ ಅರ್ಥ, ಅಲ್ವಾ?

ಏನು ಸರಿ ಇರಲಿಲ್ಲ ಅನ್ನುವುದು ಆ ಸೋಲಿನ ಮೇಲೆ ತಿಳಿಯಿತು. ಫೋನಿನಲ್ಲಿ ಪಜಲ್ ಬಿಡಿಸುವಾಗ ನಾನು ಮೊದಲ ನಡೆ ಮಾತ್ರ ಹುಡುಕುತ್ತಿದ್ದೆ. ಅದನ್ನು ಇಟ್ಟ ಕೂಡಲೇ ಎದುರಾಳಿಯ ಉತ್ತರವನ್ನು ಯಂತ್ರವೇ ಆಡಿ ತೋರಿಸುತ್ತದೆ. ಆಮೇಲೆ ಎರಡನೇ ನಡೆ ಯೋಚಿಸಿದರಾಯಿತು. ಅಂದರೆ ಲೆಕ್ಕ ಹಾಕುವ ಕೆಲಸದ ಅರ್ಧ ಭಾಗ, ಅದರಲ್ಲೂ ಕಷ್ಟದ ಅರ್ಧ, ನಾನು ಮಾಡುತ್ತಲೇ ಇರಲಿಲ್ಲ. ಎದುರಿನವನು ಏನು ಆಡಬಹುದು, ಅವನಿಗಿರುವ ಅತ್ಯಂತ ಒಳ್ಳೆಯ ಉತ್ತರ ಯಾವುದು, ಇದನ್ನು ಹುಡುಕುವ ಅಭ್ಯಾಸವೇ ಆಗಿರಲಿಲ್ಲ. ತಪ್ಪಾದರೆ ನಾಲ್ಕು ಪಾಯಿಂಟ್ ಹೋಗುತ್ತದೆ, ಮುಂದಿನದಕ್ಕೆ ಒತ್ತಿದರೆ ಮರೆತುಹೋಗುತ್ತದೆ. ಟೂರ್ನಮೆಂಟಿನಲ್ಲಿ ಹಾಗಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಕೈ ಬಿಟ್ಟ ಮೇಲೆ ಆ ನಡೆ ನಿಮ್ಮದೇ.

ಇನ್ನೊಂದು ವಿಷಯ ಇದೆ, ಇದು ಎಲ್ಲರಿಗೂ ಗೊತ್ತು ಆದರೆ ಯಾರೂ ಅದರ ಬಗ್ಗೆ ಏನೂ ಮಾಡುವುದಿಲ್ಲ. ಪಜಲ್ ಅಂತ ಕೊಟ್ಟರೆ ಅಲ್ಲಿ ಏನೋ ಇದೆ ಅಂತ ಮೊದಲೇ ಹೇಳಿಬಿಟ್ಟ ಹಾಗೆ. ರಾಣಿ ಕೊಡುವುದು, ಆನೆ ಕೊಡುವುದು, ಏನಾದರೂ ಒಂದು ಕೆಲಸ ಮಾಡೇ ಮಾಡುತ್ತದೆ. ನಿಜವಾದ ಆಟದಲ್ಲಿ ಯಾರೂ ಬಂದು "ಈಗ ನೋಡು, ಇಲ್ಲಿದೆ" ಅನ್ನುವುದಿಲ್ಲ. ಮೂವತ್ತು ನಡೆ ಏನೂ ಇರುವುದಿಲ್ಲ, ಮೂವತ್ತೊಂದನೇ ನಡೆಯಲ್ಲಿ ಇರುತ್ತದೆ, ಅದೂ ಒಂದೇ ಒಂದು ನಡೆಯ ಕಾಲ. ಅದಕ್ಕಿಂತ ಕೆಟ್ಟದ್ದು ಅಂದರೆ, ನನ್ನ ಹಾಗೆ, ಏನೂ ಇಲ್ಲದ ಕಡೆ ಇದೆ ಅಂತ ನಂಬಿಬಿಡುವುದು.

ಹಾಗಂತ ಪಜಲ್‌ನಿಂದ ಉಪಯೋಗ ಇಲ್ಲ ಅಂತ ಹೇಳುತ್ತಿಲ್ಲ. ತುಂಬಾ ಇದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದೇ ಸೆಕೆಂಡು ತೋರಿಸಿ, ಮುಚ್ಚಿ, ಈಗ ಜೋಡಿಸು ಅಂತ ಹೇಳುವುದು. ಬೋರ್ಡಿನ ಮೇಲೆ ಇಪ್ಪತ್ತೈದರ ಹತ್ತಿರ ಕಾಯಿಗಳು. ಮಾಸ್ಟರ್ ಮಟ್ಟದ ಆಟಗಾರ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಯಲ್ಲಿಟ್ಟರೆ, ಹೊಸಬ ಇಟ್ಟಿದ್ದು ನಾಲ್ಕು. ಆದರೆ ಕಾಯಿಗಳನ್ನು ಬೇಕಾಬಿಟ್ಟಿ ಚೆಲ್ಲಿದ ಹಾಗೆ ಇಟ್ಟು ತೋರಿಸಿದರೆ ಮಾಸ್ಟರಿಗೂ ಹೊಸಬನಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಅವನ ನೆನಪಿನ ಶಕ್ತಿ ದೊಡ್ಡದಲ್ಲ, ಅವನಿಗೆ ಆಕಾರಗಳ ಗುರುತು ಇದೆ. ನಾವು ಪರಿಚಯದ ಮುಖವನ್ನು ಕಣ್ಣು, ಮೂಗು, ಗಲ್ಲ ಅಂತ ಬಿಡಿಬಿಡಿಯಾಗಿ ನೋಡುವುದಿಲ್ಲವಲ್ಲ, ಹಾಗೆ. ಪಜಲ್ ಬಿಡಿಸುತ್ತಾ ಬಿಡಿಸುತ್ತಾ ಬೆಳೆಯುವುದು ಈ ಗುರುತು. ಸ್ಮದರ್ಡ್ ಮೇಟ್ ನನಗೆ ಕಂಡಿದ್ದೂ ಅದರಿಂದಲೇ. ಪಜಲ್ ಮಾಡದೇ ಇದ್ದಿದ್ದರೆ ಆ ಯೋಚನೆಯೇ ಬರುತ್ತಿರಲಿಲ್ಲ. ಗುರುತು ಹತ್ತಿದ ಮೇಲೆ ಮಾಡಬೇಕಾದ ಕೆಲಸವನ್ನು ನಾನು ಮಾಡಲಿಲ್ಲ, ಅಷ್ಟೆ.

ನಮ್ಮ ರಸ್ತೆಯ ಕೊನೇ ಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಚೆನ್ನಾಗಿ ಆಡುತ್ತಾರೆ, ಟೂರ್ನಮೆಂಟಿಗೆ ಯಾವತ್ತೂ ಹೋದವರಲ್ಲ. ಮಗಳು ಸಣ್ಣವಳಿದ್ದಾಗ ಕಾಯಿ ನಡೆಸುವುದನ್ನು ಕಲಿಸಿದವರೇ ಅವರು. ರಾಣಿಗೆ ಅವರು ಈಗಲೂ ಮಂತ್ರಿ ಅನ್ನುತ್ತಾರೆ, ನನ್ನ ಮಗಳು ಕ್ವೀನ್ ಅನ್ನುತ್ತಾಳೆ, ನಾನು ನಡುವಿನವಳು. ಆ ಸೋಲಿನ ಕತೆ ಕೇಳಿ ಅವರು ಏನೂ ಹೇಳಲಿಲ್ಲ. ಬೋರ್ಡ್ ತಂದು ನಾಲ್ಕೇ ನಾಲ್ಕು ಕಾಯಿ ಇಟ್ಟರು. ಬಿಳಿಯ ರಾಜ ಬಿ6ರಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. "ಬಿಳಿ ಆಡಿ ಗೆಲ್ಲಬೇಕು. ಕಾಯಿ ಮುಟ್ಟಬೇಡಮ್ಮ. ಎರಡು ಕಡೆಯ ನಡೆಗಳನ್ನೂ ಬರೆದುಕೊಂಡು ಬಾ" ಅಂದರು.

ಮೂರು ದಿನ ಹಿಡಿಯಿತು, ಆದರೂ ಕೊನೆ ಸಿಗಲಿಲ್ಲ.

ಇದರ ಕತೆಯೇ ಸೊಗಸು. 1895ರಲ್ಲಿ ಗ್ಲಾಸ್ಗೋ ನಗರದ ಒಂದು ಪತ್ರಿಕೆಯಲ್ಲಿ ಬಾರ್ಬಿಯೆ ಅನ್ನುವವರು ಚೆಸ್ ಅಂಕಣ ಬರೆಯುತ್ತಿದ್ದರು. ಹಳೆಯ ಒಂದು ಆಟದ ಕೊನೆಯನ್ನು ನೆನಪಿನಿಂದ ಎತ್ತಿ, ಸ್ವಲ್ಪ ಬದಲಾಯಿಸಿ, ಇದನ್ನು ಅಂಕಣದಲ್ಲಿ ಹಾಕಿದರು. ಕಪ್ಪು ಡ್ರಾ ಮಾಡಿಕೊಳ್ಳುತ್ತದೆ ಅನ್ನುವುದು ಅವರ ಉತ್ತರ. ಆಗ ಗ್ಲಾಸ್ಗೋದಲ್ಲಿದ್ದ ಫರ್ನಾಂಡೋ ಸಾವೇದ್ರಾ ಅನ್ನುವ ಸ್ಪೇನ್‌ನ ಪಾದ್ರಿ, ಚೆಸ್‌ನಲ್ಲಿ ಅಂಥ ಹೆಸರೇನೂ ಇಲ್ಲದ ಮನುಷ್ಯ, ಇಲ್ಲ, ಬಿಳಿಯೇ ಗೆಲ್ಲುತ್ತದೆ ಅಂತ ತೋರಿಸಿದರು. ಆ ಒಂದೇ ಒಂದು ನಡೆಯಿಂದ ಅವರ ಹೆಸರು ಇವತ್ತಿಗೂ ಚೆಸ್ ಆಡುವವರ ಬಾಯಲ್ಲಿ ಉಳಿದಿದೆ.

ಹೇಗೆ ಅಂತ ಹೇಳುತ್ತೇನೆ. ಆದರೆ ನೀವು ಈ ಸಮಸ್ಯೆಯನ್ನು ಮೊದಲ ಸಲ ನೋಡುತ್ತಿದ್ದರೆ ಇಲ್ಲೇ ನಿಲ್ಲಿಸಿ, ಒಂದು ಸಲ ಪ್ರಯತ್ನ ಮಾಡಿ, ಆಮೇಲೆ ಮುಂದೆ ಓದಿ.

ಬಿಳಿ ಕಾಲಾಳನ್ನು ಸಿ7ಕ್ಕೆ ತಳ್ಳುತ್ತದೆ. ಇನ್ನೊಂದೇ ಹೆಜ್ಜೆ, ರಾಣಿಯಾಗುತ್ತದೆ. ಕಪ್ಪು ಆನೆ ಡಿ6ರಿಂದ ಚೆಕ್ ಕೊಡುತ್ತದೆ. ರಾಜ ಬಿ5ಕ್ಕೆ ಇಳಿಯಬೇಕು. ಡಿ5ರಿಂದ ಚೆಕ್, ಬಿ4. ಡಿ4ರಿಂದ ಚೆಕ್, ಬಿ3. ಡಿ3ರಿಂದ ಚೆಕ್, ಈಗ ರಾಜ ಸಿ2ಕ್ಕೆ ಬರುತ್ತಾನೆ. ಹೀಗೆ ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಇಳಿದು ಬಂದ ಮೇಲೆ ಆನೆಗೆ ಕೊಡಲು ಒಳ್ಳೆಯ ಚೆಕ್ ಉಳಿದಿಲ್ಲ. ನಾನು ಇಲ್ಲಿಯವರೆಗೆ ಮೊದಲ ದಿನವೇ ಬಂದಿದ್ದೆ, ಸಿ8ರಲ್ಲಿ ರಾಣಿ ಮಾಡಿದರೆ ಗೆಲುವು ಅಂತ ಬರೆದೂ ಬಿಟ್ಟಿದ್ದೆ.

ಮೇಷ್ಟ್ರು ನೋಡಿ, "ಇಲ್ಲಿ ಕಪ್ಪು ಆಡಬೇಕಾದ ನಡೆ ಬರೆದೇ ಇಲ್ಲವಲ್ಲ" ಅಂದರು. ನಿಜ. ಬಿಳಿ ರಾಜ ಸಿ2ಕ್ಕೆ ಬಂದ ಮೇಲೆ ಸರದಿ ಕಪ್ಪಿನದು. ನಾನು ಅದನ್ನು ಹಾರಿಸಿಬಿಟ್ಟಿದ್ದೆ. ಕಪ್ಪು ಆಡುವುದು ಆನೆ ಡಿ4ಕ್ಕೆ. ಈಗ ಬಿಳಿ ರಾಣಿ ಮಾಡಿದರೆ ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ, ರಾಣಿ ಹೊಡೆಯಲೇಬೇಕು, ಹೊಡೆದರೆ ಮೂಲೆಯ ಕಪ್ಪು ರಾಜನಿಗೆ ಎ2 ಇಲ್ಲ, ಬಿ1 ಇಲ್ಲ, ಬಿ2 ಇಲ್ಲ, ಚೆಕ್ಕೂ ಇಲ್ಲ. ಹೀಗೆ ಚೆಕ್ ಇಲ್ಲದೆಯೂ ಆಡಲು ಒಂದು ನಡೆಯೂ ಉಳಿಯದಿದ್ದರೆ ಸ್ಟೇಲ್‌ಮೇಟ್, ಅಂದರೆ ಡ್ರಾ. ಎಂಥ ನಡೆ ನೋಡಿ! ಬಾರ್ಬಿಯೆ ಅವರ ಉತ್ತರ ಇಲ್ಲಿಗೆ ಮುಗಿದಿತ್ತು.

ಸಾವೇದ್ರಾ ಕಂಡಿದ್ದು ಇದರಾಚೆಗಿನದು. ಕೊನೇ ಸಾಲು ಮುಟ್ಟಿದ ಕಾಲಾಳು ರಾಣಿಯೇ ಆಗಬೇಕೆಂದಿಲ್ಲ. ಸಿ8ರಲ್ಲಿ ರಾಣಿ ಬೇಡ, ಆನೆ ಮಾಡಿಕೊಳ್ಳಿ. ಈಗ ಸಿ4ರ ಉಪಾಯ ನಡೆಯುವುದಿಲ್ಲ, ಹೊಡೆದರೆ ಸ್ಟೇಲ್‌ಮೇಟ್ ಆಗುವುದಿಲ್ಲ, ಎ2 ಖಾಲಿ ಇರುತ್ತದೆ. ಬಿಳಿ ಆನೆ ಎ8ಕ್ಕೆ ಹೋಗಿ ಮೇಟ್ ಕೊಡುವ ಬೆದರಿಕೆ ಇದೆ. ಕಪ್ಪು ಆನೆ ಎ4ಕ್ಕೆ ಬಂದು ಅಡ್ಡ ನಿಲ್ಲಲೇಬೇಕು. ಆಗ ಬಿಳಿ ರಾಜ ಬಿ3ಕ್ಕೆ ಒಂದು ಹೆಜ್ಜೆ ಇಡುತ್ತಾನೆ. ಒಂದು ಕಡೆ ಆನೆಯನ್ನು ಹೊಡೆಯುತ್ತೇನೆ ಅನ್ನುತ್ತಾನೆ, ಇನ್ನೊಂದು ಕಡೆ ಸಿ1ರಲ್ಲಿ ಮೇಟ್ ಕಾದಿದೆ. ಎರಡನ್ನೂ ತಪ್ಪಿಸಲು ಆಗುವುದಿಲ್ಲ.

ಮೇಷ್ಟ್ರು ಬೋರ್ಡಿನ ಮೇಲೆ ಆಡಿ ತೋರಿಸಿದಾಗ ನನ್ನ ಕಣ್ಣು ತುಂಬಿ ಬಂತು. ನಾಲ್ಕು ಕಾಯಿಗಳಲ್ಲಿ ಇಷ್ಟೊಂದು ಇರಬಹುದು ಅಂತ ಅಂದುಕೊಂಡಿರಲಿಲ್ಲ. ಸಾವೇದ್ರಾ ಆ ಆನೆಯನ್ನು ಕಂಡಿದ್ದು ಹೇಗೆ ಅಂತ ಯೋಚಿಸಿದರೆ, ಮೊದಲು ಕಪ್ಪಿನ ಡಿ4 ನಡೆಯನ್ನು ಪೂರ್ತಿಯಾಗಿ ಗೌರವದಿಂದ ನೋಡಿದ್ದರಿಂದ. ಅದರಲ್ಲಿ ಇರುವ ಸ್ಟೇಲ್‌ಮೇಟ್ ಕಾಣದವನಿಗೆ ಆನೆ ಮಾಡಿಕೊಳ್ಳಬೇಕು ಅನ್ನುವ ಯೋಚನೆ ಹೊಳೆಯುವುದಕ್ಕೆ ಕಾರಣವೇ ಇಲ್ಲ. ಇದನ್ನೇ ನಾನು ಫೋನಿನಲ್ಲಿ ಬಿಡಿಸಿದ್ದರೆ ಡಿ4 ನಡೆಯನ್ನು ಯಂತ್ರ ಆಡಿ ತೋರಿಸುತ್ತಿತ್ತು, ನಾನು ಆಗ ಎಚ್ಚರವಾಗಿ ಆನೆ ಮಾಡಿಕೊಂಡು, ಬಿಡಿಸಿದೆ ಅಂತ ಖುಷಿ ಪಡುತ್ತಿದ್ದೆ.

ಅವತ್ತಿನಿಂದ ಪದ್ಧತಿ ಬದಲಾಯಿಸಿದೆ. ದಿನಕ್ಕೆ ಐದು ಸಮಸ್ಯೆ. ಬೆಳಿಗ್ಗೆ ಐದೂವರೆಗೆ ಎದ್ದು, ಹಾಲು ಒಲೆ ಮೇಲಿಡುವ ಮುಂಚೆ, ಊಟದ ಮೇಜಿನ ಮೇಲೆ ಬೋರ್ಡ್ ಬಿಡಿಸಿ ಕಾಯಿ ಜೋಡಿಸುತ್ತೇನೆ. ಜೋಡಿಸುವುದೇ ಅರ್ಧ ಕೆಲಸ, ಯಾಕೆಂದರೆ ಕೈಯಾರೆ ಇಟ್ಟ ಕಾಯಿ ಕಣ್ಣಿಗೆ ಬೀಳದೇ ಇರುವುದಿಲ್ಲ. ಆಮೇಲೆ ಕೈ ಕಟ್ಟಿ ಕೂರುತ್ತೇನೆ. ಒಂದಕ್ಕೆ ಹತ್ತು ಹದಿನೈದು ನಿಮಿಷ ಆದರೂ ಪರವಾಗಿಲ್ಲ. ನನ್ನ ನಡೆ, ಅವರ ಅತ್ಯುತ್ತಮ ಉತ್ತರ, ಮತ್ತೆ ನನ್ನದು, ಕೊನೆವರೆಗೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಎದುರಾಳಿಗೆ ಎರಡು ಮೂರು ಒಳ್ಳೆಯ ಉತ್ತರ ಇದ್ದರೆ ಎಲ್ಲವನ್ನೂ. ಎಲ್ಲಾ ಬರೆದ ಮೇಲೇ ಉತ್ತರ ನೋಡುವುದು. ಮೊದಲ ನಡೆ ಸರಿ ಇದ್ದು, ಎದುರಾಳಿಯ ಮುಖ್ಯ ಉತ್ತರ ಬರೆಯದೇ ಹೋಗಿದ್ದರೆ ಅದು ತಪ್ಪು ಅಂತಲೇ ಲೆಕ್ಕ. ಈ ನಿಯಮದಲ್ಲಿ ನಾನು ರಿಯಾಯಿತಿ ಕೊಟ್ಟುಕೊಳ್ಳುವುದಿಲ್ಲ.

ಮೊದಲ ಎರಡು ವಾರ ಬಹಳ ಕಷ್ಟವಾಯಿತು. ಫೋನಿನಲ್ಲಿ ಹತ್ತು ಸೆಕೆಂಡಿನಲ್ಲಿ ಆಗುತ್ತಿದ್ದದ್ದಕ್ಕೆ ಇಲ್ಲಿ ಕಾಲು ಗಂಟೆ. ತಲೆ ಬಿಸಿಯಾಗುತ್ತಿತ್ತು. ಆದರೆ ತಪ್ಪಾದಾಗ ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬರೆಯುತ್ತಾ ಹೋದೆನಲ್ಲ, ಅದು ಕೆಲವು ತಿಂಗಳಾದ ಮೇಲೆ ಕನ್ನಡಿ ಹಿಡಿದ ಹಾಗಾಯಿತು. ಹಳೆಯ ಪುಟ ತಿರುವಿದರೆ ಒಂದೇ ಥರದ ಸಾಲುಗಳು. "ಒಂಟೆ ಹಿಂದಕ್ಕೆ ಬರುತ್ತೆ ಅಂತ ನೋಡಲಿಲ್ಲ." "ದೂರದ ಮೂಲೆಯಿಂದ ರಾಣಿ ಓರೆಯಲ್ಲಿ ಬಂತು." "ಚೆಕ್‌ಗೆ ರಾಜ ಓಡುವ ಬದಲು ಮಧ್ಯೆ ಕಾಯಿ ಇಟ್ಟ." ನನ್ನ ಕಣ್ಣು ಯಾವಾಗಲೂ ಮುಂದಕ್ಕೆ, ಎದುರಿನ ರಾಜನ ಕಡೆಗೇ ಓಡುತ್ತದೆ. ದೂರದ, ಅಂಚಿನ, ಹಿಂದಕ್ಕೆ ಬರುವ ನಡೆಗಳು ಕಣ್ಣಿಗೆ ಬೀಳುವುದಿಲ್ಲ. ಎಚ್5ರ ಒಂಟೆ ನನಗೆ ಕಾಣದೇ ಹೋಗಿದ್ದು ಆಕಸ್ಮಿಕ ಅಲ್ಲವೇ ಅಲ್ಲ ಅಂತ ಆಗ ಗೊತ್ತಾಯಿತು. ಈಗ ಬಿಡಿಸುವ ಮುಂಚೆ ಆ ಹುಡುಗ ಮಾಡಿದ ಹಾಗೆ ಎದುರಾಳಿಯ ಕಾಯಿಗಳನ್ನು ಒಂದೊಂದಾಗಿ ನೋಡಿ, ಇದು ಎಲ್ಲೆಲ್ಲಿಗೆ ಹೋಗಬಲ್ಲದು ಅಂತ ಕೇಳಿಕೊಳ್ಳುತ್ತೇನೆ. ಒಂದು ನಿಮಿಷದ ಕೆಲಸ.

ಪಜಲ್ ಎಲ್ಲಿಂದ ತರುವುದು ಅಂತ ಕೇಳುವವರಿಗೆ: ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಲಕ್ಷಗಟ್ಟಲೆ ಸಿಗುತ್ತವೆ, ಜನ ಆಡಿದ ನಿಜವಾದ ಆಟಗಳಿಂದ ತೆಗೆದವು. ಫೋರ್ಕ್ (ಒಂದೇ ಕಾಯಿಯಿಂದ ಎರಡರ ಮೇಲೆ ದಾಳಿ), ಪಿನ್ (ಹಿಂದಿನ ಕಾಯಿಯನ್ನು ಕಾಯಲು ಮುಂದಿನದು ಅಲುಗಾಡದ ಹಾಗೆ ಕಟ್ಟಿಹಾಕುವುದು) ಅಂತ ವಿಷಯ ಆರಿಸಿಕೊಂಡು ಬಿಡಿಸಬಹುದು. ಹೊಸಬರಿಗೆ ಅದು ಒಳ್ಳೆಯದು. ಸ್ವಲ್ಪ ಪಳಗಿದ ಮೇಲೆ ಮಾತ್ರ ಎಲ್ಲವೂ ಬೆರೆತಿರುವುದನ್ನೇ ಆರಿಸಿ. ವಿಷಯ ಗೊತ್ತಿದ್ದರೆ ಉತ್ತರದ ಅರ್ಧ ಗೊತ್ತಿದ್ದ ಹಾಗೆ.

ಬಿಡಿಸಿದ್ದನ್ನೇ ಮತ್ತೆ ಬಿಡಿಸಬೇಕಾ ಅನ್ನುವ ಪ್ರಶ್ನೆಯೂ ಇದೆ. ಸ್ವೀಡನ್‌ನ ಹಾನ್ಸ್ ಟಿಕ್ಕನೆನ್ ಒಂದೇ ಗುಂಪಿನ ಸಮಸ್ಯೆಗಳನ್ನು ಸುತ್ತು ಸುತ್ತಾಗಿ, ಪ್ರತಿ ಸಲ ಇನ್ನಷ್ಟು ಬೇಗ ಬಿಡಿಸುತ್ತಾ ಅಭ್ಯಾಸ ಮಾಡಿ, 2010ರಲ್ಲಿ ಏಳು ವಾರಗಳೊಳಗೆ ಮೂರು ಗ್ರ್ಯಾಂಡ್‌ಮಾಸ್ಟರ್ ನಾರ್ಮ್ (ಆ ದೊಡ್ಡ ಬಿರುದಿಗೆ ಬೇಕಾದ ಅರ್ಹತೆ) ಗಳಿಸಿದರು. ಅವರು ಅದಕ್ಕೂ ಮುಂಚೆಯೇ ದೊಡ್ಡ ಆಟಗಾರ, ಅದನ್ನು ಮರೆಯಬಾರದು. ಆದರೂ ವಿಧಾನ ಒಳ್ಳೆಯದೇ. ನಾನು ಮಾಡುವುದು ಇಷ್ಟು: ತಪ್ಪಾದವನ್ನು ಮಾತ್ರ ಇಟ್ಟುಕೊಂಡು ಒಂದು ತಿಂಗಳ ಮೇಲೆ ಮತ್ತೆ ಬಿಡಿಸುತ್ತೇನೆ. ಎರಡನೇ ಸಲವೂ ಅದೇ ತಪ್ಪಾದರೆ ಅದಕ್ಕೆ ಕೆಂಪು ಗುರುತು. ಮೂರನೇ ಸಲ ತಪ್ಪಾದವು ಬೆರಳೆಣಿಕೆಯಷ್ಟು ಮಾತ್ರ ಇವೆ, ಅವು ನನಗೆ ಈಗ ಮನೆಯವರ ಹಾಗೆ.

ಸಾವೇದ್ರಾ ಆದ ಮೇಲೆ ಮೇಷ್ಟ್ರು ಕೊಟ್ಟಿದ್ದು ರಿಚರ್ಡ್ ರೇಟಿ ಅನ್ನುವ ಆಟಗಾರರ 1921ರ ಸಮಸ್ಯೆ. ಇಲ್ಲೂ ನಾಲ್ಕೇ ಕಾಯಿ. ಬಿಳಿ ರಾಜ ಎಚ್8, ಕಾಲಾಳು ಸಿ6. ಕಪ್ಪು ರಾಜ ಎ6, ಕಾಲಾಳು ಎಚ್5. ಬಿಳಿ ಆಡಿ ಡ್ರಾ ಮಾಡಬೇಕು. ನೋಡಿದರೆ ಆಸೆಯೇ ಇಲ್ಲ. ಕಪ್ಪು ಕಾಲಾಳು ಓಡಿಹೋಗುತ್ತದೆ, ಹಿಂದೆ ಓಡಿದರೆ ಸಿಗುವುದಿಲ್ಲ. ತನ್ನ ಕಾಲಾಳಿನ ಸಹಾಯಕ್ಕೆ ಹೋದರೂ ತಲುಪುವುದಿಲ್ಲ. ಉತ್ತರ ಏನೆಂದರೆ ರಾಜ ಓರೆಯಲ್ಲಿ ನಡೆಯಬೇಕು, ಜಿ7, ಎಫ್6, ಇ5. ಪ್ರತಿ ಹೆಜ್ಜೆಯೂ ಎರಡು ಕಡೆಗೂ ಹತ್ತಿರ. ಕಪ್ಪು ರಾಜ ಸಮಯ ಕೊಟ್ಟು ಬಿಳಿ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ಹೋಗಿ ಕಪ್ಪು ಕಾಲಾಳನ್ನು ಹಿಡಿಯುತ್ತಾನೆ. ಕಾಲಾಳನ್ನೇ ತಳ್ಳುತ್ತಾ ಹೋದರೆ ಬಿಳಿ ರಾಜ ಡಿ6ಕ್ಕೆ ಬಂದು ತನ್ನ ಕಾಲಾಳನ್ನು ರಾಣಿ ಮಾಡಿಸುತ್ತಾನೆ, ಇಬ್ಬರಿಗೂ ರಾಣಿ, ಡ್ರಾ. ಕಾಗದದ ಮೇಲೆ ಅಳೆದರೆ ಓರೆ ದಾರಿ ಉದ್ದ. ಚೆಸ್ ರಾಜನಿಗೆ ಓರೆಯಲ್ಲಿ ಹೋದರೂ ನೇರ ಹೋದರೂ ಒಂದು ಹೆಜ್ಜೆ ಒಂದೇ.

ಇದು ನನ್ನ ಆಟಕ್ಕೆ ನೇರವಾಗಿ ಬಂದಿದೆ. ಕಳೆದ ವರ್ಷ ಒಂದು ಆಟದ ಕೊನೆಯಲ್ಲಿ ಬರೀ ರಾಜರು ಮತ್ತು ಕಾಲಾಳುಗಳು ಉಳಿದಿದ್ದವು. ಎದುರಾಳಿಯ ಕಾಲಾಳು ಓಡಲು ಶುರು ಮಾಡಿತ್ತು. ಮುಂಚಿನ ನಾನಾಗಿದ್ದರೆ ಸೋತೆ ಅಂತ ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆ. ಅವತ್ತು ಹನ್ನೆರಡು ನಿಮಿಷ ಕೂತು ಲೆಕ್ಕ ಹಾಕಿ ರಾಜನನ್ನು ಓರೆಯಲ್ಲಿ ಇಳಿಸಿದೆ. ಡ್ರಾ ಆಯಿತು. ಎದುರಿಗಿದ್ದ ಹಿರಿಯರು ಸಹಿ ಹಾಕುತ್ತಾ "ಇದು ರೇಟಿ ಅಲ್ವೇನಮ್ಮ" ಅಂದರು. ಅರ್ಧ ಪಾಯಿಂಟು ಸಿಕ್ಕಿದ್ದಕ್ಕಿಂತ ಆ ಮಾತಿಗೆ ಜಾಸ್ತಿ ಖುಷಿಯಾಯಿತು.

ಎರಡು ನಡೆಯಲ್ಲಿ ಮೇಟ್ ಅಂತ ಯಾರಾದರೂ ಕೂತು ರಚಿಸಿದ ಸಮಸ್ಯೆಗಳಿರುತ್ತವಲ್ಲ, ಅವುಗಳಿಂದ ಆಟ ಸುಧಾರಿಸುತ್ತದೆಯಾ ಅಂತ ಮೇಷ್ಟ್ರ ಜೊತೆ ವಾದ ನಡೆಯುತ್ತಲೇ ಇರುತ್ತದೆ. ಅವರಿಗೆ ಅವು ಪ್ರಾಣ. ನನ್ನ ಅಭಿಪ್ರಾಯ, ಆಡುವವರಿಗೆ ಅವು ಅಷ್ಟಾಗಿ ಬೇಕಿಲ್ಲ. ಅಲ್ಲಿನ ಕಾಯಿಗಳ ಜೋಡಣೆ ಆಟದಲ್ಲಿ ಬರುವಂಥದ್ದಲ್ಲ, ಬಿಳಿ ಹೇಗೂ ಗೆಲ್ಲುವ ಸ್ಥಿತಿಯಲ್ಲೇ ಇರುತ್ತದೆ. ರಾಜ ಓಡುವ ಮನೆಗಳನ್ನೆಲ್ಲ ಎಣಿಸುವ ಅಭ್ಯಾಸ ಮಾತ್ರ ಚೆನ್ನಾಗಿ ಆಗುತ್ತದೆ. ಇದಕ್ಕೆ ಮೇಷ್ಟ್ರು ಪ್ರತಿ ಸಲ ಜಾನ್ ನನ್ ಹೆಸರು ತೆಗೆಯುತ್ತಾರೆ. ಇಂಗ್ಲೆಂಡಿನ ಈ ಗ್ರ್ಯಾಂಡ್‌ಮಾಸ್ಟರ್ 2004, 2007, 2010ರಲ್ಲಿ ಸಮಸ್ಯೆ ಬಿಡಿಸುವ ವಿಶ್ವ ಚಾಂಪಿಯನ್, ಆಮೇಲೆ 2022ರಲ್ಲೂ 2023ರಲ್ಲೂ 65 ದಾಟಿದವರ ವಿಶ್ವ ಚಾಂಪಿಯನ್. "ಬಿಡಿಸುತ್ತಾ ಇದ್ದರೆ ಬುದ್ಧಿಗೆ ತುಕ್ಕು ಹಿಡಿಯಲ್ಲ" ಅಂತ ಮೇಷ್ಟ್ರ ವಾದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಮ್ಮೂರಿನ ಮಾತೇ ಹೇಳುವುದಾದರೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಹುಚ್ಚಿತ್ತು. ಬೋರ್ಡಿನ 64 ಮನೆಗಳನ್ನೂ ಕುದುರೆ ಒಂದೊಂದೇ ಸಲ ಮುಟ್ಟಿ ಬರಬೇಕು ಅನ್ನುವ ಸಮಸ್ಯೆ ಇದೆಯಲ್ಲ, ಅದರಲ್ಲಿ ಅವರದೊಂದು ಪರಿಹಾರ ಹೆಸರಾಗಿದೆ. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ ಅಡ್ಡ ಸಾಲು, ಉದ್ದ ಸಾಲು ಎಲ್ಲದರ ಮೊತ್ತವೂ 260. ಮಗಳಿಗೆ ಇದನ್ನು ಹೇಳಿದ ದಿನ ಅವಳು ಗಣಿತದ ಚೌಕುಳಿ ಪುಸ್ತಕ ತಂದು ರಾತ್ರಿ ಹತ್ತರವರೆಗೂ ಕೂತಿದ್ದಳು. ಮೊತ್ತ ಬರಲಿಲ್ಲ, 64 ಮನೆ ಮಾತ್ರ ಮುಗಿಸಿದಳು. ಕುದುರೆ ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ಅನ್ನುವುದು ಅವಳಿಗೆ ಈಗ ಬೆರಳ ತುದಿಯಲ್ಲಿದೆ.

ಮಗಳ ಜೊತೆ ಬಿಡಿಸುವಾಗ ನನಗೆ ಸುಶೀಲಾ ವಿಶ್ವನಾಥನ್ ನೆನಪಾಗುತ್ತಾರೆ. ವಿಶ್ವನಾಥನ್ ಆನಂದ್ ಅವರ ತಾಯಿ. ತಂದೆಯ ಕೆಲಸದ ಸಲುವಾಗಿ ಮನೆಯವರು ಕೆಲವು ಕಾಲ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿದ್ದರು. ಅಲ್ಲಿ ಟಿವಿಯಲ್ಲಿ ಮಧ್ಯಾಹ್ನದ ಹೊತ್ತು ಚೆಸ್ ಕಾರ್ಯಕ್ರಮ ಬರುತ್ತಿತ್ತು, ಹುಡುಗ ಆಗ ಶಾಲೆಯಲ್ಲಿರುತ್ತಿದ್ದ. ತಾಯಿ ಕೂತು ಆಟಗಳನ್ನೂ ಪಜಲ್‌ಗಳನ್ನೂ ಬರೆದಿಟ್ಟುಕೊಳ್ಳುತ್ತಿದ್ದರು. ಸಂಜೆ ಮಗ ಬಂದ ಮೇಲೆ ಇಬ್ಬರೂ ಸೇರಿ ಬಿಡಿಸಿ ಉತ್ತರ ಕಳಿಸುತ್ತಿದ್ದರು. ಗೆದ್ದವರಿಗೆ ಒಂದು ಪುಸ್ತಕ ಬಹುಮಾನ. ಆನಂದ್ ಎಷ್ಟು ಸಲ ಗೆದ್ದರೆಂದರೆ, ಕೊನೆಗೆ ಟಿವಿಯವರು ಕರೆದು, ನಿನಗೆ ಬೇಕಾದ ಪುಸ್ತಕಗಳನ್ನೆಲ್ಲ ತೆಗೆದುಕೊಂಡು ಹೋಗು, ಇನ್ನು ಉತ್ತರ ಕಳಿಸಬೇಡ ಅಂದರಂತೆ. ಇದನ್ನು ಆನಂದ್ ಅವರೇ ಹೇಳಿಕೊಂಡಿದ್ದಾರೆ. ಎಲ್ಲರೂ ಇದರಲ್ಲಿ ಆ ಹುಡುಗನ ಜಾಣತನ ನೋಡುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಟಿವಿ ಮುಂದೆ ಪೆನ್ನು ಹಿಡಿದು ಕೂತ ಆ ತಾಯಿ. ಟಿವಿಯವರು ಉತ್ತರವನ್ನು ನಡೆ ನಡೆಯಾಗಿ ತೋರಿಸುತ್ತಿರಲಿಲ್ಲ. ಕಾಗದದ ಮೇಲೆ ಬರೆದ ಸ್ಥಿತಿ, ಇಬ್ಬರು, ಒಂದು ಸಂಜೆ. ಎರಡು ಕಡೆಯ ನಡೆಗಳನ್ನೂ ಅವರೇ ಹುಡುಕಬೇಕಿತ್ತು.

ನಾವಿಬ್ಬರೂ ಶನಿವಾರ ರಾತ್ರಿ ಒಂದು ಕೆಲಸ ಮಾಡುತ್ತೇವೆ, ಇದನ್ನು ಎಲ್ಲರಿಗೂ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆದೆ ಅಂದರೂ ತಪ್ಪಿಲ್ಲ. ಅವಳು ನನಗೆ ಐದು ಸ್ಥಿತಿಗಳನ್ನು ಆರಿಸಿ ಕೊಡುತ್ತಾಳೆ, ನಾನು ಅವಳಿಗೆ ಐದು. ಕೆಲವು ನಿಜವಾದ ಪಜಲ್‌ಗಳು. ಕೆಲವು ನಮ್ಮದೇ ಆಟಗಳಿಂದ ತೆಗೆದ ಸಾಮಾನ್ಯ ಸ್ಥಿತಿಗಳು, ಅಲ್ಲಿ ಏನೂ ಇರುವುದಿಲ್ಲ. ಕೆಲವು, ನೋಡಿದರೆ ರಾಣಿ ಕೊಡಬೇಕು ಅನ್ನಿಸುವಂಥವು, ಕೊಟ್ಟರೆ ಕೆಡುವಂಥವು. ಯಾವುದು ಯಾವುದು ಅಂತ ಹೇಳುವುದಿಲ್ಲ. "ಇಲ್ಲಿ ಏನೂ ಇಲ್ಲ, ಸುಮ್ನೆ ಆನೆಯನ್ನು ಮಧ್ಯಕ್ಕೆ ತರುತ್ತೇನೆ" ಅನ್ನುವುದೂ ಸರಿಯಾದ ಉತ್ತರ ಆಗಬಹುದು. ಮೊದಲ ತಿಂಗಳು ಇಬ್ಬರೂ ಎಲ್ಲ ಕಡೆಯೂ ಬಲಿ ಕೊಡುತ್ತಿದ್ದೆವು. ಈಗ ಇಲ್ಲ. ಕಣ್ಣು ನಿಧಾನವಾಗಿ ಬೇರೆ ಥರ ನೋಡಲು ಕಲಿಯುತ್ತದೆ, ಅದು ಒಳಗೆ ಗೊತ್ತಾಗುತ್ತದೆ.

ರೇಟಿಂಗ್ ಏನಾಯಿತು ಅಂತ ಕೇಳಿದರೆ, ಈಗ 1640. ಗಡಿಯಾರದಲ್ಲಿ ಹೊತ್ತು ಸಾಲದೆ ಸೋಲುವುದು ಶುರುವಾಗಿದೆ, ಅದಕ್ಕೂ ದಾರಿ ಹುಡುಕಬೇಕು. ಫೋನಿನ ಪಜಲ್ ಪೂರ್ತಿ ಬಿಟ್ಟಿಲ್ಲ, ಟೂರ್ನಮೆಂಟಿನ ಬೆಳಿಗ್ಗೆ ಕಣ್ಣು ಬೆಚ್ಚಗಾಗಲಿ ಅಂತ ಹತ್ತು ಸುಲಭದವನ್ನು ಬಿಡಿಸುತ್ತೇನೆ.

ಒಂದು ಪ್ರಶ್ನೆಯನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಸಾವೇದ್ರಾ ಸಮಸ್ಯೆಯಲ್ಲಿ ಕಪ್ಪು ಆನೆ ಡಿ6ರಿಂದ ಮೊದಲ ಚೆಕ್ ಕೊಟ್ಟಾಗ ಬಿಳಿ ರಾಜ ಬಿ5ಕ್ಕೇ ಹೋಗಬೇಕು ಅಂದೆನಲ್ಲ. ಸಿ5ಕ್ಕೆ ಹೋದರೆ ಆನೆಯ ಮೇಲೇ ಬಿದ್ದ ಹಾಗೆ, ಅದೇ ಚೆನ್ನಾಗಿ ಕಾಣುತ್ತದೆ. ಆದರೆ ಹೋದರೆ ಬಿಳಿ ಗೆಲ್ಲುವುದಿಲ್ಲ. ಕಪ್ಪು ಏನು ಆಡಬೇಕು? ಬೋರ್ಡಿನ ಮೇಲೆ ನಾಲ್ಕು ಕಾಯಿ ಇಟ್ಟು, ಕೈ ಕಟ್ಟಿ ಕೂತು ಹುಡುಕಿ. ನನ್ನ ಮಗಳಿಗೆ ಹನ್ನೊಂದು ನಿಮಿಷ ಹಿಡಿಯಿತು.